ಬಿಳಿ ಬದನೆಕಾಯಿ

ಕೋಳಿಯೊಂದು ಅಂಗಳ ದಾಟಿ ಹೋದರೆ ಸಾಕು, ಶೇಖವ್ವ ಇಡೀ ಅಂಗಳವನ್ನು ಮತ್ತೆ ಸೆಗಣಿ ಹಾಕಿ ಸಾರಿಸುತ್ತಿದ್ದಳು. ಅದು ಯಾರ ಕೋಳಿ, ಯಾಕೆ ಬಂತು ಎಂಬ ವಿಚಾರಣೆಯೆಲ್ಲ ಆಮೇಲೆ. ಮೊದಲು ಸಾರಣೆ, ಆಮೇಲೆ ಕೋಳಿಯ ಒಡತಿಗೆ ಬೈಗುಳ, ಕೊನೆಗೆ ತನ್ನ ತಲೆಮೇಲೆ ನೀರು. ನರಗುಂದದ ಗುಡ್ಡದ ಬುಡದಲ್ಲಿದ್ದ ಆ ಓಣಿಯಲ್ಲಿ ಶೇಖವ್ವನ ನೇಮದ ಬಗ್ಗೆ ಜನ ಅರ್ಧ ಭಕ್ತಿಯಿಂದ, ಇನ್ನರ್ಧ ನಗೆಯಿಂದ ಮಾತಾಡುತ್ತಿದ್ದರು. ನಗುವುದಿದ್ದರೂ ಆಕೆಯ ಬೆನ್ನ ಹಿಂದೆ ನಗಬೇಕು. ವಯಸ್ಸು ಎಪ್ಪತ್ತಕ್ಕೆ ಬಂದಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಾಯಲ್ಲಿ ಹಲ್ಲು ಉಳಿದಿರಲಿಲ್ಲ. ಆದರೆ ನಾಲಿಗೆ ಎಲ್ಲೂ ಹೋಗಿರಲಿಲ್ಲ.

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ಉಡಚಪ್ಪ. ಸಾವಿರದ ಎಂಟುನೂರ ಐವತ್ನಾಲ್ಕರ ಸುಮಾರಿಗೆ ಅವನಿಗೆ ನಲವತ್ತು ದಾಟಿತ್ತು. ಮನೆಯ ಮುಂದೆಯೇ ಭಟ್ಟಿ. ಕಾದ ಮರಳಿನಲ್ಲಿ ಕಡಲೆ ಹುರಿದು ಪುಟಾಣಿ ಮಾಡುವುದು, ಅಕ್ಕಿ ಹುರಿದು ಚುರಮುರಿ ಮಾಡುವುದು ಅವನ ಅಪ್ಪನ ಕಾಲದಿಂದ ಬಂದ ಕಸುಬು. ಲಿಂಗ ಕಟ್ಟಿದ ಮನೆಯ ಭಟ್ಟಿ ಎಂದು ಪೇಟೆಯ ದೊಡ್ಡ ಮನೆತನದವರೂ ಕಣ್ಣು ಮುಚ್ಚಿ ಒಯ್ಯುತ್ತಿದ್ದರು.

ಆದರೆ ಉಡಚಪ್ಪ ಹರೆಯದಲ್ಲಿ ಮೂರು ವರ್ಷ ಊರಲ್ಲಿರಲಿಲ್ಲ. ರೋಣದ ಕಡೆ ಜಮೀನು ಅಳೆಯಲು ಬಂದ ಸಾಹೇಬನ ಡೇರೆಯ ಜೊತೆ ಹೋಗಿದ್ದ. ಡೇರೆ ಇಂದು ಮುಶಿಗೇರಿಯಲ್ಲಿದ್ದರೆ ಬರುವ ತಿಂಗಳು ಗಜೇಂದ್ರಗಡದಲ್ಲಿ. ಬೆಂಕಿಯ ಕೆಲಸ ಬಲ್ಲವನೆಂದು ಅಡುಗೆ ಡೇರೆಗೆ ಸೇರಿಸಿಕೊಂಡರು. ಅಲ್ಲಿನ ಮುಖ್ಯ ಅಡುಗೆಯವನು ಯಮನೂರಸಾಬ ಎಂಬ ಒಳ್ಳೆಯ ಮನುಷ್ಯ. ಅವನು ಮೊದಲ ದಿನವೇ ಉಡಚಪ್ಪನ ಕೊರಳಿನ ಲಿಂಗ ನೋಡಿ, "ನೀ ಬರೇ ಒಲಿ ಊದು ತಮ್ಮಾ, ಬ್ಯಾರೇದು ಮುಟ್ಟಬ್ಯಾಡ" ಎಂದಿದ್ದ. ಮುಟ್ಟಿದವನು ಉಡಚಪ್ಪನೇ. ಸಾಹೇಬರು ತಿನ್ನುವ ಕೇಕು ಎಂಬ ಆ ಮೆತ್ತನೆಯ ಪದಾರ್ಥ ಹೇಗೆ ಉಬ್ಬುತ್ತದೆ ಎಂದು ನೋಡುವ ಚಪಲವನ್ನು ಅವನಿಗೆ ತಡೆಯಲಾಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವನೇ ಕೋಳಿಯ ತತ್ತಿ ಒಡೆಯುತ್ತಿದ್ದ, ಅವನೇ ನೊರೆ ಬರುವವರೆಗೆ ಕಡೆಯುತ್ತಿದ್ದ. ಒಂದನ್ನೂ ಬಾಯಿಗೆ ಹಾಕಲಿಲ್ಲ ಎನ್ನುವುದು ಅವನಿಗಿದ್ದ ಒಂದೇ ಸಮಾಧಾನ. ಊರಿಗೆ ಬಂದು ಅವ್ವನಿಗೆ, "ಬರೇ ಒಲಿ ಊದ್ತಿದ್ದೆ" ಎಂದ. ಅವ್ವ ಅದನ್ನು ಓಣಿಗೆಲ್ಲ ಹೇಳಿದಳು.

ಆ ವರ್ಷ ಶ್ರಾವಣದಲ್ಲಿ ಶೇಖವ್ವ ಜ್ವರ ಬಿದ್ದಳು. ಜ್ವರವೇನೋ ಬಿಟ್ಟಿತು, ಆದರೆ ಹೊಟ್ಟೆ ಮುನಿದುಕೊಂಡಿತು. ಗಂಜಿಯ ವಾಸನೆ ಬಂದರೆ ವಾಂತಿ, ಅನ್ನದ ತಿಳಿ ಕುಡಿದರೆ ವಾಂತಿ. ನುಚ್ಚು, ಅಂಬಲಿ, ಹಾಲು ಎಲ್ಲದರ ಕಥೆಯೂ ಅದೇ. ಹದಿನೈದು ದಿನದಲ್ಲಿ ಮುದುಕಿ ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಎಂಬಂತಾದಳು. ಪಂಡಿತರು ನಾಡಿ ಹಿಡಿದು ನೋಡಿ ಹೊರಗೆ ಬಂದು ಉಡಚಪ್ಪನಿಗೆ ಮುಖ ಕೊಡದೆ ಹೇಳಿದರು: "ಹೊಟ್ಟ್ಯಾಗ ಏನರ ನಿಂತರ ಉಳೀತಾಳ. ಇಲ್ಲಾಂದ್ರ ಅಮಾಸಿ ದಾಟೂದು ಕಷ್ಟ ಐತಿ."

 ಅಮಾಸಿಗೆ ಇನ್ನು ಆರೇ ದಿನ.

ಆಗ ಅವನಿಗೆ ಡೇರೆಯ ಒಬ್ಬ ಕಾರಕೂನ ನೆನಪಾದ. ಅವನೂ ಹೀಗೇ ಜ್ವರದಲ್ಲಿ ಒಣಗಿ, ಯಮನೂರಸಾಬ ಮಾಡಿದ ಕೇಕಿನ ಚೂರನ್ನು ಹಾಲಲ್ಲಿ ಅದ್ದಿ ತಿಂದು ಬದುಕಿದ್ದ. ಉಡಚಪ್ಪ ಗೋಧಿ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿದ, ಬೆಲ್ಲ ಹೆರೆದ, ತುಪ್ಪ ಹಾಕಿ ಕಲೆಸಿ ಮುಚ್ಚಳದ ಪಾತೇಲಿಗೆ ಸುರಿದು ಭಟ್ಟಿಯ ಕಾದ ಮರಳಲ್ಲಿ ಹುಗಿದ. ತತ್ತಿ ಹಾಕಲಿಲ್ಲ. ಹೊರಗೆ ತೆಗೆದರೆ ಅದು ಒಳಗೆ ಹಸಿ, ಹೊರಗೆ ಇಟ್ಟಂಗಿಯಂತೆ ಗಟ್ಟಿ. ಬಾಯಿಗಿಟ್ಟ ತುಣುಕನ್ನು ಶೇಖವ್ವ ಉಗಿದುಬಿಟ್ಟಳು. ಮರುದಿನ ಮೊಸರು ಹಾಕಿ ಮಾಡಿದ. ಅದು ಮುಟ್ಟಿದರೆ ಪುಡಿಪುಡಿಯಾಗಿ ಉದುರಿತು. ಮೂರನೆಯ ದಿನ ಎಷ್ಟು ಕರೆದರೂ ಅವ್ವ ಕಣ್ಣು ಬಿಡಲಿಲ್ಲ.

ಅಂದು ಬೆಳಿಗ್ಗೆ ಭಟ್ಟಿಯ ಉರುವಲಿಗೆ ಸೆಗಣಿಯ ಕುಳ್ಳು ತಂದು ಹಾಕುವ ಮಾನವ್ವ ಬಂದಳು. ಊರ ಹೊರಗಿನ ಕೇರಿಯವಳು, ಹೊಲದ ಕೂಲಿ ಮಾಡುತ್ತ ನಾಲ್ಕು ಕೋಳಿ ಸಾಕಿಕೊಂಡಿದ್ದಳು. ಉಡಚಪ್ಪ ಆಕೆಯನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು, ಕಳ್ಳನ ಹಾಗೆ ಆಚೀಚೆ ನೋಡಿ, ಎರಡು ತತ್ತಿ ಬೇಕು ಎಂದ. ಮಾನವ್ವನ ತಲೆಯ ಮೇಲಿನ ಬುಟ್ಟಿ ಬೀಳುವುದರಲ್ಲಿತ್ತು.

"ಯಪ್ಪಾ, ನಿಮ್ಮ ಮನ್ಯಾಗ? ಶೇಖವ್ವನ ಮನ್ಯಾಗ?"

"ಅವ್ವಗಽ ಬೇಕು. ಕೇಳಬ್ಯಾಡ. ತಂದುಕೊಡು."

ಅಂದು ತತ್ತಿ ಹಾಕಿ ಮರಳಿನಿಂದ ತೆಗೆದ ಆ ಕೇಕಿನಂಥ ರೊಟ್ಟಿ ಅಂಗೈಯಲ್ಲಿ ಹತ್ತಿಯ ಹಾಗೆ ಕುಳಿತಿತ್ತು. ವಾಸನೆ ಗೊತ್ತಾಗದಿರಲಿ ಎಂದು ಏಲಕ್ಕಿ, ಜಾಜಿಕಾಯಿ ಧಾರಾಳವಾಗಿ ತೇಯ್ದು ಹಾಕಿದ್ದ. ಹಾಲಲ್ಲಿ ಅದ್ದಿ ಚೂರು ಚೂರೇ ಇಟ್ಟ. ಶೇಖವ್ವ ನುಂಗಿದಳು. ಅವನು ವಾಂತಿಯ ಬೋಗುಣಿ ಹಿಡಿದು ಮಧ್ಯಾಹ್ನದವರೆಗೆ ಕಾದ. ವಾಂತಿ ಆಗಲಿಲ್ಲ. ಸಂಜೆಗೆ ಮುದುಕಿ, "ಆ ಮೆತ್ತನ್ನ ರೊಟ್ಟಿ ಇನ್ನೊಂದೀಟು ಐತೇನೋ?" ಎಂದಾಗ ಉಡಚಪ್ಪ ಭಟ್ಟಿಯ ಹಿಂದೆ ಹೋಗಿ ಅತ್ತ. ಅವ್ವ ಉಳಿದಳೆಂದು ಅತ್ತನೋ, ಮಾಡಿದ್ದಕ್ಕೆ ಹೆದರಿ ಅತ್ತನೋ ಅವನಿಗೇ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಹೆಂಡತಿ ಹೊನ್ನವ್ವನಿಗೆ ಎರಡನೆಯ ದಿನವೇ ಬೂದಿಯಲ್ಲಿ ತತ್ತಿಯ ಓಡು ಸಿಕ್ಕಿತು. ಆಕೆ ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ಕುಳಿತಳು. ಬಹಳ ಹೊತ್ತಾದ ಮೇಲೆ ಎದ್ದು ಓಡನ್ನು ಭಟ್ಟಿಗೆ ತಳ್ಳಿ, "ನಾ ಏನೂ ನೋಡಿಲ್ರಿ" ಎಂದಳು. ಅಷ್ಟೇ ಆಗಿದ್ದರೆ ಬೇರೆ. ಹೆಣ್ಣುಮಗಳು ಬುದ್ಧಿವಂತೆ, ದಿನಾ ಬಾಗಿಲಲ್ಲಿ ನಿಂತು ಮಾನವ್ವ ಏನೆಂದು ಕೂಗಬೇಕು ಎಂಬುದನ್ನೂ ಆಕೆಯೇ ಕಲಿಸಿದಳು. ಹಾಗಾಗಿ ಮಾನವ್ವ ಕುಳ್ಳಿನ ಬುಟ್ಟಿಯಲ್ಲಿ ಅರಿವೆ ಸುತ್ತಿದ ಎರಡು ತತ್ತಿ ಇಟ್ಟುಕೊಂಡು ಬಂದು, ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಬಿಳಿ ಬದ್ನಿಕಾಯಿ ತಂದೀನ್ರೀ!"

ನಲವತ್ತು ದಿನ ಬಿಳಿ ಬದನೆಕಾಯಿ ಬಂತು. ಶೇಖವ್ವ ಎದ್ದು ಕುಳಿತಳು, ಗೋಡೆ ಹಿಡಿದು ನಡೆದಳು, ದಸರೆಯ ಹೊತ್ತಿಗೆ ಸೊಸೆಯನ್ನು ಬೈಯುವಷ್ಟು ಗಟ್ಟಿಯಾದಳು. ಲಿಂಗಪೂಜೆ ಮತ್ತೆ ಶುರುವಾಯಿತು. ತಾಯಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದಾಗಲೆಲ್ಲ ಉಡಚಪ್ಪ ಆ ಕೋಣೆಯಿಂದ ಎದ್ದು ಹೋಗುತ್ತಿದ್ದ. ಇವತ್ತಿಗೆ ಸಾಕು, ನಾಳೆಯಿಂದ ಹಾಕುವುದಿಲ್ಲ ಎಂದು ದಿನಾ ಆಣೆ ಮಾಡುತ್ತಿದ್ದ. ನಾಳೆ ಬಂದರೆ ವಾಂತಿಯ ಬೋಗುಣಿ ನೆನಪಾಗುತ್ತಿತ್ತು.

ಹೊಟ್ಟೆ ನೆಟ್ಟಗಾದ ಮೇಲೆ ಮುದುಕಿಗೆ ನಾಲಿಗೆಯ ರುಚಿಯೂ ಬಂತು. ಅದೇ ಕೇಡಾದದ್ದು.

ಆ ಬೆಳಿಗ್ಗೆ ಹೊನ್ನವ್ವ ನೀರಿಗೆ ಹೋಗಿದ್ದಳು. ಉಡಚಪ್ಪ ಭಟ್ಟಿಯಲ್ಲಿ ಕಡಲೆ ಹುರಿಯುತ್ತಿದ್ದ. ಮಾನವ್ವ ಕೂಗಿದಾಗ ಬಾಗಿಲಲ್ಲಿ ಕುಳಿತಿದ್ದವಳು ಶೇಖವ್ವ ಒಬ್ಬಳೇ.

"ಏ ಮಾನವ್ವಾ, ಇಲ್ಲಿ ತಾ. ದಿನಾ ಬಿಳಿ ಬದ್ನಿಕಾಯಿ ಬಿಳಿ ಬದ್ನಿಕಾಯಿ ಅಂತ ಕೂಗ್ತಿ, ಈ ಮನ್ಯಾಗ ಒಂದು ದಿನರ ಎಣಗಾಯಿ ಪಲ್ಯಾ ಕಂಡಿಲ್ಲ ನಾನು. ಸೊಸಿ ತಾನಽ ತಿಂತಾಳೋ ಏನೋ. ತೋರಸು, ಎಳೇವು ಅದಾವೇನು ನೋಡ್ತೀನಿ."

ಮಾನವ್ವ ಗರಬಡಿದವಳಂತೆ ನಿಂತುಬಿಟ್ಟಳು. ಬೇಡ ಎನ್ನಬೇಕು, ಓಡಬೇಕು, ಬುಟ್ಟಿ ಚೆಲ್ಲಬೇಕು ಎಂದೆಲ್ಲ ಹೊಳೆಯುವುದರೊಳಗೆ ಶೇಖವ್ವನ ಕೈ ಬುಟ್ಟಿಯೊಳಗೆ ಹೋಗಿಬಿಟ್ಟಿತ್ತು. ಕಣ್ಣು ಕಾಣದವಳು ಬದನೆಕಾಯಿ ಎಳೆಯದೋ ಬಲಿತದ್ದೋ ಎಂದು ಹೇಗೆ ನೋಡಬೇಕೋ ಹಾಗೆ ನೋಡಿದಳು. ಒಂದನ್ನು ಹಿಡಿದು ಹೆಬ್ಬೆರಳಿಂದ ಒತ್ತಿದಳು.

ಟಪ್ಪೆಂದಿತು.

ಉಡಚಪ್ಪ ಆ ಸದ್ದಿಗೆ ತಿರುಗಿ ನೋಡಿದ. ಅವ್ವನ ಮೊಣಕೈವರೆಗೆ ಹಳದಿ ಇಳಿಯುತ್ತಿತ್ತು. ಆಕೆ ಕಿರುಚಲಿಲ್ಲ. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದಳು. ಮೂಗಿನ ಹತ್ತಿರ ತಂದಳು. ಅವಳ ಮುಖದ ಬಣ್ಣವೇ ಹೋಯಿತು. ಮಾನವ್ವ "ಯವ್ವಾ ನನ್ನ ತಪ್ಪಲ್ಲಬೇ" ಎಂದು ಬುಟ್ಟಿ ಬಿಟ್ಟು ಓಡಿಹೋದಳು. ಬಾಣಲೆಯಲ್ಲಿ ಕಡಲೆ ಹೊತ್ತಿ ಹೊಗೆ ಎದ್ದಿತು. ಉಡಚಪ್ಪ ಅದನ್ನು ಇಳಿಸಲಿಲ್ಲ. 

"ಉಡಚ್ಯಾ," ಎಂದಳು ತಾಯಿ, ಬಹಳ ಮೆಲ್ಲಗೆ. "ಆ ಮೆತ್ತನ್ನ ರೊಟ್ಟ್ಯಾಗ ಏನ್ ಹಾಕ್ತಿದ್ದಿ?"

 ಅವನಿಗೆ ಸುಳ್ಳು ಬಾಯಿಗೆ ಬಂದಿತ್ತು, ಆದರೆ ಆ ಕೈಯನ್ನು ನೋಡುತ್ತ ಹೇಳಲಾಗಲಿಲ್ಲ. "ಅದನ್ನಽ, ಯವ್ವಾ," ಎಂದ.

"ಎಷ್ಟು ದಿನಾತು?"

"ನಲವತ್ತು."

"ನಲವತ್ತು ತತ್ತಿ?"

"ದಿನಕ್ಕ ಎರಡು, ಯವ್ವಾ."

ಎಂಬತ್ತು ತತ್ತಿ! ಅಂದಿನವರೆಗೆ ಆ ಶಬ್ದವನ್ನೂ ಬಾಯಿಗೆ ತರದಿದ್ದವಳ ಹೊಟ್ಟೆಯಲ್ಲಿ ಎಂಬತ್ತು ತತ್ತಿ. ಶೇಖವ್ವ ಇನ್ನೊಂದು ಪ್ರಶ್ನೆ ಕೇಳಿದಳು, ಅದು ಅವನ ಎದೆಗೇ ಬಡಿಯಿತು. "ಒಮ್ಮಿಗೇ ಇಷ್ಟು ಚಲೋ ಮಾಡಾಕ ಬರಂಗಿಲ್ಲ. ನಿನ್ನ ಕೈಗೆ ಇದು ರೂಢಿ ಐತಿ. ಡೇರೇದಾಗ ಒಲಿ ಊದ್ತಿದ್ದೆ ಅಂದಿದ್ಯಲ್ಲಾ?"

 ಆಕೆ ಗೋಡೆ ಹಿಡಿದು ಬಚ್ಚಲಿಗೆ ಹೋದಳು. ಬೂದಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು, ಚರ್ಮ ಕಿತ್ತು ಕೆಂಪಾಗುವವರೆಗೆ ತಿಕ್ಕಿದಳು. ಆಮೇಲೆ ತನ್ನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

"ಇನ್ನ ಮ್ಯಾಲೆ ನಿನ್ನ ಕೈಯಾಗಿನದು ನಾ ತಿನ್ನಂಗಿಲ್ಲ," ಎಂದಳು. "ಸಾಯೂತನಾ ತಿನ್ನಂಗಿಲ್ಲ."

ಬರೀ ಮಾತಲ್ಲ ಅದು. ಅಂದು ತಿನ್ನಲಿಲ್ಲ, ಮರುದಿನ ತಿನ್ನಲಿಲ್ಲ. ಹೊನ್ನವ್ವ ಗಂಜಿ ಮಾಡಿ ಒಯ್ದು ಕಾಲು ಹಿಡಿದಳು. ಎರಡು ಗುಟುಕು ಕುಡಿದಳು, ಅದೂ ವಾಂತಿಯಾಯಿತು. ಹೊಟ್ಟೆ ಮತ್ತೆ ಹಳೆಯ ಹಠ ಹಿಡಿದಿತ್ತು. ಮೆತ್ತನೆಯ ಆ ರೊಟ್ಟಿಯ ಹೊರತು ಏನನ್ನೂ ಒಳಗಿಟ್ಟುಕೊಳ್ಳಲೊಲ್ಲದು. ತಾಯಿಯನ್ನು ಯಾವುದರಿಂದ ಬದುಕಿಸಿದ್ದನೋ ಅದರಿಂದಲೇ ಕೊಲ್ಲುತ್ತಿದ್ದೇನೆ ಎನ್ನಿಸಿ ಉಡಚಪ್ಪನಿಗೆ ಹುಚ್ಚು ಹಿಡಿದಂತಾಯಿತು. ತತ್ತಿಯಿಲ್ಲದೆ ಅಂಥದ್ದೇ ರೊಟ್ಟಿ ಮಾಡಬೇಕು, ಅದೂ ಎರಡು ಮೂರು ದಿನದೊಳಗೆ.

ಭಟ್ಟಿಯ ಕೆಲಸ ಬಿಟ್ಟ. ಹುಳಿ ಮಜ್ಜಿಗೆಗೆ ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರದ ಉಪ್ಪು ಸೇರಿಸಿದ. ಬುಸ್ಸೆಂದು ನೊರೆ ಎದ್ದಿತು, ರೊಟ್ಟಿ ಉಬ್ಬಿತು. ಪಾತೇಲಿ ಹೊರಗೆ ತೆಗೆದ ಕೂಡಲೇ ನಡುವೆ ಕುಸಿದು ಹೋಯಿತು. ಉಬ್ಬಿಸುವುದು ಸಿಕ್ಕಿತ್ತು, ಉಬ್ಬಿದ್ದನ್ನು ಹಿಡಿದಿಡುವುದು ಸಿಕ್ಕಿರಲಿಲ್ಲ. ಬೆಂಡೆಕಾಯಿ ಅರೆದು ಹಾಕಿದ. ಹಸಿರಾಗಿ, ನಾರುನಾರಾಗಿ, ನಾಯಿಗೆ ಹಾಕಿದರೆ ನಾಯಿಯೂ ಮೂಸಿ ಬಿಟ್ಟಿತು. ಬಾಣಂತಿಗೆ ಕೊಡುವ ಅಂಟನ್ನು ನೆನೆಸಿ ಹಾಕಿದ. ಅದು ಹಲ್ಲಿಗೆ ಅಂಟಿತು. ಹಲ್ಲಿಲ್ಲದವಳ ವಸಡಿಗೆ ಅಂಟಿದರೆ ಉಸಿರೇ ಕಟ್ಟೀತು. ಸುತ್ತ ಪಾತ್ರೆ ಹರಡಿಕೊಂಡು, ತಲೆತುಂಬ ಹಿಟ್ಟು ಮೆತ್ತಿಕೊಂಡು ಕುಳಿತ ಗಂಡನನ್ನು ನೋಡಿ ಹೊನ್ನವ್ವನಿಗೆ ಬೈಯಲೂ ಮನಸ್ಸಾಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆಕೆ ಹಿತ್ತಲಲ್ಲಿ ಗೊಣಗುತ್ತಿದ್ದಳು. ಹಿಂದಿನ ದಿನ ಅಗಸಿ ಚಟ್ನಿಪುಡಿಗೆಂದು ಅಗಸಿ ಬೀಜ ಕುಟ್ಟಿದ್ದಳು, ಒರಳಿನಲ್ಲಿ ನೀರು ಹಾಕಿ ಹಾಗೇ ಬಿಟ್ಟಿದ್ದಳು. "ನೋಡ್ರಿ ಇದನ್ನ, ತೊಳದಷ್ಟೂ ಜಾರತೈತಿ, ಬಿಡವಲ್ದು."

ಉಡಚಪ್ಪ ಏನೋ ಸಹಾಯ ಮಾಡಲೆಂದು ಒರಳಿಗೆ ಕೈ ಹಾಕಿದ. ಹಾಕಿದವನು ಹಾವು ಮುಟ್ಟಿದಂತೆ ಹೊರಗೆ ಎಳೆದುಕೊಂಡ. ಬೆರಳಿಂದ ಉದ್ದಕ್ಕೆ ಲೋಳೆ ಇಳಿಯುತ್ತಿತ್ತು, ಕಡಿಯದೆ, ಎಳೆಎಳೆಯಾಗಿ. ಡೇರೆಯಲ್ಲಿ ಮೂರು ವರ್ಷ ಅವನ ಕೈ ಬಲ್ಲ ಲೋಳೆ ಅದು. ಒಂದು ಗಳಿಗೆ ಅವನು ಖರೇನೇ ಹೆದರಿದ: ಈ ಒರಳಿಗೂ ತತ್ತಿ ಹೇಗೆ ಬಂತು? ಮತ್ತೆ ಮುಟ್ಟಿದ. ಮೂಸಿದ. ಅಗಸಿ. ನೆಲದಲ್ಲಿ ಬೆಳೆದ, ನೀಲಿ ಹೂ ಬಿಡುವ, ಅವ್ವನೇ ರೊಟ್ಟಿಯ ಜೊತೆ ದಿನಾ ತಿಂದು ಬೆಳೆದ ಅಗಸಿ.

"ಹೊನ್ನೀ!" ಎಂದು ಕಿರುಚಿದ. ಹೊನ್ನವ್ವ ಕೈಲಿದ್ದ ತಂಬಿಗೆ ಕೆಳಗೆ ಹಾಕಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಆಕೆಯನ್ನು ಹಾಗೆ ಹೆಸರು ಹಿಡಿದು ಕರೆದದ್ದಿಲ್ಲ.

ಹುಡಿ ಮಾಡಿದ ಅಗಸಿಯನ್ನು ಬಿಸಿನೀರಲ್ಲಿ ನೆನೆಸಿ, ಲೋಳೆ ಬಿಟ್ಟ ಮೇಲೆ ಕಡೆದು, ಮಜ್ಜಿಗೆ ಮತ್ತು ಆ ಉಪ್ಪಿನ ಜೊತೆ ಹಿಟ್ಟಿಗೆ ಬೆರೆಸಿದ. ಮರಳಿನಿಂದ ತೆಗೆದ ರೊಟ್ಟಿ ಸ್ವಲ್ಪ ಕಪ್ಪಗಿತ್ತು, ಡೇರೆಯ ಕೇಕಿನಷ್ಟು ಎತ್ತರ ಇರಲಿಲ್ಲ. ಆದರೆ ಕುಸಿಯಲಿಲ್ಲ. ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬಂತು. ಗಂಡ ಹೆಂಡತಿ ಇಬ್ಬರೂ ಅದನ್ನು ನೋಡುತ್ತ ಬಾಯಿ ತೆರೆದು ನಿಂತರು.

ಅವ್ವನ ಮುಂದೆ ಒಯ್ದು ಇಟ್ಟು ಎಲ್ಲ ಹೇಳಿದ. ಲೋಳೆಯ ಬಟ್ಟಲನ್ನೂ ಒಯ್ದಿದ್ದ, ನೋಡಲಿ ಎಂದು. ಶೇಖವ್ವ ಒಂದು ಬೆರಳು ಅದ್ದಿದಳು. ಅದ್ದಿದ ಕೂಡಲೇ ಬಟ್ಟಲನ್ನು ಕೈಯಿಂದ ತಳ್ಳಿಬಿಟ್ಟಳು. ಗೋಡೆಯ ಮೇಲೆಲ್ಲ ಸಿಡಿಯಿತು.

"ಮತ್ತ ಅದನ್ನಽ ತಂದಿ ಏನೋ, ಪಾಪೀ! ಸಾಯಾಕಿ ಮುಂದ ಸೈತ ಸುಳ್ಳು!"

 ಅಷ್ಟು ಚೆನ್ನಾಗಿ ಹೊಂದಿತ್ತು ಅದು. ತತ್ತಿಯ ಬದಲು ಏನು ಎಂದು ಹುಡುಕಿದ ಉಡಚಪ್ಪ ತತ್ತಿಯಂಥದ್ದನ್ನೇ ಹುಡುಕಿ ತಂದಿದ್ದ. ಕುರುಡು ಬೆರಳಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು? ಆಣೆ ಮಾಡಲು ಬಾಯಿ ತೆರೆದ. ಅವನ ಆಣೆಗೆ ಆ ಮನೆಯಲ್ಲಿ ಇನ್ನು ಕಿಮ್ಮತ್ತು ಇರಲಿಲ್ಲ.

ದಾರಿ ತೋರಿಸಿದವಳು ಹೊನ್ನವ್ವ. "ಅತ್ತೀ, ಅವರ ಮಾತು ಬಿಡ್ರಿ. ಅಗಸಿ ನೀವಽ ಕುಟ್ರಿ. ನೀರು ನೀವಽ ಹಾಕ್ರಿ," ಎಂದು ಒಣ ಬೀಜವನ್ನು ಅತ್ತೆಯ ಅಂಗೈಗೆ ಸುರಿದಳು. ಶೇಖವ್ವ ಬೀಜವನ್ನು ಬೆರಳಾಡಿಸಿ ನೋಡಿದಳು, ಎರಡನ್ನು ವಸಡಿನಲ್ಲಿ ಅರೆದು ನೋಡಿದಳು. ಆಮೇಲೆ ತನ್ನನ್ನು ಎತ್ತಿ ಕೂರಿಸಿರಿ ಎಂದಳು. ನಾಲ್ಕು ದಿನದ ಉಪವಾಸದ ಕೈ ಒನಕೆ ಎತ್ತಲಾರದು; ಎಲೆ ಅಡಿಕೆ ಕುಟ್ಟುವ ಸಣ್ಣ ಕಲಬತ್ತಿನಲ್ಲಿ ಕುಟ್ಟಿದಳು, ನಡುನಡುವೆ ಏದುಸಿರು ಬಿಡುತ್ತ. ಬಟ್ಟಲನ್ನು ಮಡಿಲಲ್ಲೇ ಇಟ್ಟುಕೊಂಡು ಎರಡೂ ಕೈಯಿಂದ ಮುಚ್ಚಿ ಕಾದಳು. ಲೋಳೆ ಬಿಟ್ಟಾಗ ಬೆರಳಿಟ್ಟು ನೋಡಿ, ಉಸಿರು ಎಳೆದುಕೊಂಡಳು. "ಅಯ್ಯ ಶಿವನೇ," ಎಂದಳು. "ಅಗಸ್ಯಾಗ ಇದು ಇತ್ತೇನು?"

ಹಿಟ್ಟು ಆಕೆಯೇ ಕಲೆಸಿದಳು. ಉಡಚಪ್ಪ ಒಂದು ಹೆಜ್ಜೆ ಮುಂದೆ ಬಂದರೆ, "ದೂರ ನಿಲ್ಲು, ಅಲ್ಲಿಂದಽ ಹೇಳು" ಎನ್ನುತ್ತಿದ್ದಳು. ಅವನ ಪಾಲಿಗೆ ಉಳಿದದ್ದು ಬೆಂಕಿಯೊಂದೇ. ಮಧ್ಯಾಹ್ನಕ್ಕೆ ಶೇಖವ್ವ ತಾನೇ ಮಾಡಿದ ರೊಟ್ಟಿಯನ್ನು ಹಾಲಲ್ಲಿ ಅದ್ದಿ ತಿಂದಳು. ಹೊಟ್ಟೆ ಒಪ್ಪಿಕೊಂಡಿತು. ಬದುಕಿದಳು, ಸರಿ. ಆದರೆ ಅಂದಿನಿಂದ ದಿನಾ ತನ್ನ ಕೈಯಾರೆ ಮಾಡಿಕೊಂಡು ತಿಂದಳೇ ಹೊರತು ಮಗ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಅವನು ತಂಬಿಗೆ ತಂದಿಟ್ಟರೆ ಎದ್ದು ಹೋಗಿ ಬೇರೆ ತುಂಬಿಕೊಳ್ಳುತ್ತಿದ್ದಳು. ಉಡಚಪ್ಪನಿಗೆ ಬೈದಿದ್ದರೆ ತಡೆಯಬಹುದಿತ್ತು. ಇದನ್ನು ತಡೆಯಲಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ, "ಅಯ್ಯನವರ್ನ ಕರಿ," ಎಂದಳು.

ಓಣಿಯ ಮಠದ ಅಯ್ಯನವರು. ಅವರ ಮುಂದೆ ಹೇಳಿ ತಪ್ಪು ಕಳೆದುಕೊಳ್ಳಬೇಕು, ಲಿಂಗವನ್ನು ಮತ್ತೆ ಶುದ್ಧ ಮಾಡಿಸಿ ಕಟ್ಟಿಸಿಕೊಳ್ಳಬೇಕು. ಮಗ ಸಿಕ್ಕಿಬಿದ್ದ ದಿನದಿಂದ ಆಕೆ ಲಿಂಗವನ್ನು ಕೈಗೆ ತೆಗೆದುಕೊಂಡಿರಲಿಲ್ಲ. ಉಡಚಪ್ಪ ಬೆವರಿದ. ಮಾತು ಹೊರಗೆ ಬಿದ್ದರೆ 'ತತ್ತಿ ಭಟ್ಟಿ' ಎಂದಾಗುತ್ತದೆ. ಲಿಂಗ ಕಟ್ಟಿದ ಒಂದು ಮನೆಯೂ ಒಂದು ಹಿಡಿ ಚುರಮುರಿ ಒಯ್ಯುವುದಿಲ್ಲ. ಓಣಿಯಿಂದಲೇ ಹೊರಗಾಗಬೇಕು.

"ಯವ್ವಾ, ಹೇಳಿದರ ನಮಗ ಇಲ್ಲಿ ಬೆಂಕಿ ನೀರು ಇರಂಗಿಲ್ಲಬೇ."

"ಮತ್ತ ನಾ ಏನ್ ಮಾಡ್ಲಿ? ಸುಳ್ಳಿನ ಮ್ಯಾಲ ಲಿಂಗಾ ಇಟ್ಕೊಂಡು ಸಾಯಲೇನು? ಕರಿ ಅವರ್ನ."

ಕರೆದ. ತನ್ನ ಮಣ್ಣಿಗೆ ತಾನೇ ಜನ ಕರೆದಂತೆ ಹೋಗಿ ಕರೆದ. ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ಅಯ್ಯನವರು ಬಂದು ಕುಳಿತರು. ಓಣಿಯ ಹಿರಿಯ, ಕಾಳಿನ ವ್ಯಾಪಾರದ ಗುರುಸಂಗಪ್ಪ ಬಂದ, ಇನ್ನೂ ನಾಲ್ಕು ಮಂದಿ ಬಂದರು. ಶೇಖವ್ವ ಕೋಲೂರಿ ಹೊರಗೆ ಬಂದು ನೆಲದ ಮೇಲೆ ಕುಳಿತಳು. ಉಡಚಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಅಯ್ಯನವರ, ನನ್ನ ಹೊಟ್ಟ್ಯಾಗ ತತ್ತಿ ಹೋಗ್ಯಾವ್ರಿ," ಎಂದಳು. ಕಟ್ಟೆಯ ಮೇಲಿದ್ದವರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಗುರುಸಂಗಪ್ಪ, "ಯಾರು? ಶೇಖವ್ವನೇನು?" ಎಂದ, ಎದುರಿಗಿದ್ದವಳು ಬೇರೆ ಯಾರೋ ಎಂಬಂತೆ.

"ನಾನಽ. ಜ್ವರದಾಗ ಸಾಯ್ತೀನಿ ಅಂತ ಹೆದರಿಕಿ ಹತ್ತಿತ್ತು. ಬದುಕೂ ಆಶಾಕ ಬಿದ್ದು ಕದ್ದು ತರಿಸಿಕೊಂಡೆ. ಹಾಲಿನಾಗ ಒಡಕೊಂಡು ಕುಡದೆ. ತಂದುಕೊಟ್ಟಾಕಿ ಯಾರಂತ ಕೇಳಬ್ಯಾಡ್ರಿ, ಕೋಳಿ ಸಾಕೂದು ಅವರ ಮನಿ ಬದುಕು, ಆಕೀದೇನು ತಪ್ಪಿಲ್ಲ. ಮಗಗ ಗೊತ್ತಿಲ್ಲ. ಸೊಸಿಗಿ ಗೊತ್ತಿಲ್ಲ."

ಉಡಚಪ್ಪನಿಗೆ ತನ್ನ ಕಿವಿ ಕೆಟ್ಟಿತೇನೋ ಎನ್ನಿಸಿತು. ಎಪ್ಪತ್ತು ವರ್ಷ ನೇಮದಿಂದ ಗಳಿಸಿದ ಹೆಸರನ್ನು ಈ ಮುದುಕಿ ನಾಲ್ಕು ಮಾತಿನಲ್ಲಿ, ಸುಳ್ಳು ಮಾತಿನಲ್ಲಿ, ಬೀದಿಗೆ ಚೆಲ್ಲುತ್ತಿದ್ದಾಳೆ. ಯಾವತ್ತೂ ಸುಳ್ಳು ಹೇಳದವಳು ಎಷ್ಟು ಸಲೀಸಾಗಿ ಹೇಳುತ್ತಿದ್ದಾಳೆ! ಬಾಯಿ ಮುಚ್ಚಿಕೊಂಡಿದ್ದರೆ ಅವನು ಪಾರಾಗುತ್ತಿದ್ದ. ಭಟ್ಟಿ ಉಳಿಯುತ್ತಿತ್ತು. ಇದನ್ನೆಲ್ಲ ಲೆಕ್ಕ ಹಾಕುವಷ್ಟು ಹೊತ್ತೂ ಅವನು ತೆಗೆದುಕೊಳ್ಳಲಿಲ್ಲ.

"ಸುಳ್ಳ್ರಿ!" ಎಂದು ಕೂಗಿಕೊಂಡ. "ಆಕಿಗಿ ಏನೂ ಗೊತ್ತಿದ್ದಿಲ್ರಿ. ರೊಟ್ಟ್ಯಾಗ ನಾನಽ ಹಾಕಿದ್ದು. ಮೋಸ ಮಾಡಿ ತಿನಿಸಿದ್ದು ನಾನು. ನನ್ನ ಹೊರಗ ಹಾಕ್ರಿ."

ಶೇಖವ್ವ ತಲೆ ಎತ್ತಲಿಲ್ಲ. "ತಾಯಿ ಮ್ಯಾಲಿನ ಮಾಯಾಕ ಹಂಗ ಅಂತಾನ್ರಿ. ಕಿವ್ಯಾಗ ಹಾಕ್ಕೋಬ್ಯಾಡ್ರಿ."

"ಖರೇ ಹೇಳಾಕತ್ತೀನ್ರಿ! ನನಗ ಅದು ಮೊದಲಿಂದ ಬರತೈತಿ. ಸಾಹೇಬನ ಡೇರೇದಾಗ ಮೂರು ವರ್ಷ ದಿನಾ ಹತ್ತು ಇಪ್ಪತ್ತು ಒಡದೀನಿ!"

ಗುರುಸಂಗಪ್ಪ ನಕ್ಕುಬಿಟ್ಟ, ಪ್ರೀತಿಯಿಂದಲೇ. "ಏ ಉಡಚಪ್ಪ, ಅಲ್ಲಿ ನೀ ಒಲಿ ಊದ್ತಿದ್ದಿ ಅನ್ನೂದು ಊರಿಗೆಲ್ಲಾ ಗೊತ್ತೈತೋ. ಸುಳ್ಳು ಹೇಳಾಕೂ ಬರಂಗಿಲ್ಲ ನಿನಗ."

ಉಡಚಪ್ಪ ಒಳಗೆ ತಿರುಗಿ ಹೆಂಡತಿಯನ್ನು ಕರೆದ. ಸಾಕ್ಷಿ ಅವಳೊಬ್ಬಳೇ. ಹೊನ್ನವ್ವ ಬಾಗಿಲಿಗೆ ಬಂದು, ನೆಲದ ಮೇಲೆ ಕುಳಿತ ಅತ್ತೆಯ ಬೆನ್ನು ನೋಡಿದಳು. ಆ ಬೆನ್ನು ಅಲುಗಲಿಲ್ಲ. "ನಾ ಏನೂ ನೋಡಿಲ್ರಿ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಅಯ್ಯನವರು ಸಿಟ್ಟಾಗಲಿಲ್ಲ. ಜೀವಕ್ಕೆ ಹೆದರಿ ಆದದ್ದು, ವಯಸ್ಸಾದ ಜೀವ, ಐದು ಸೋಮವಾರ ಮಠದ ಅಂಗಳ ಗುಡಿಸು, ಆಮೇಲೆ ಲಿಂಗ ಕಟ್ಟುತ್ತೇನೆ ಎಂದರು. ಎದ್ದು ಹೋಗುವಾಗ ಉಡಚಪ್ಪನ ಹೆಗಲ ಮೇಲೆ ಕೈಯಿಟ್ಟು, "ಮಗ ಅಂದ್ರ ಹಿಂಗಿರಬೇಕು," ಎಂದರು.   ಆ ದಿನದಿಂದ ನರಗುಂದದ ಪೇಟೆಯಲ್ಲಿ ಅವನ ಮರ್ಯಾದೆ ಹೆಚ್ಚಿತು. ಅಗಸಿ ಹಾಕಿದ ಅವನ ಮೆತ್ತನೆಯ ರೊಟ್ಟಿಯನ್ನು ಹಲ್ಲಿಲ್ಲದ ಮುದುಕರಿಗೆ, ಜ್ವರದಿಂದ ಎದ್ದವರಿಗೆ ಎಂದು ರೋಣದಿಂದಲೂ ಜನ ಬಂದು ಒಯ್ದರು. ಮುಂದೆ ಎಷ್ಟೋ ವರ್ಷ ಅವನು ಕೇಳಿದವರಿಗೆಲ್ಲ ನಿಜ ಹೇಳಿದ. ಎಷ್ಟು ಹೇಳಿದರೂ ತಾಯಿಯ ಮಾನ ಕಾಯುವ ಮಗ ಎಂದು ಇನ್ನಷ್ಟು ಹೊಗಳಿದರು.

ಆ ಐದರಲ್ಲಿ ಮೊದಲ ಸೋಮವಾರ ಶೇಖವ್ವ ಮಠದ ಅಂಗಳಕ್ಕೆ ಹೋದಳು. ಸೊಂಟ ಬಗ್ಗಿಸಿ, ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕಸಬರಿಗೆ ಹಿಡಿದು, ಕಾಣದ ಕಸವನ್ನು ತಡವರಿಸುತ್ತ ಗುಡಿಸಿದಳು. ಇಷ್ಟು ವರ್ಷ ಬೆನ್ನ ಹಿಂದೆ ನಕ್ಕವರು ಈಗ ಎದುರಿಗೇ ನಗಲು ಬಂದು ಕುಳಿತಿದ್ದರು. "ಶೇಖವ್ವಾ, ಕೋಳಿ ಬಂತು ನೋಡಬೇ!" ಎಂದು ಯಾರೋ ಹೆಂಗಸು ಕೂಗಿದಳು, ಉಳಿದವರು ಕೊಕ್ಕೊಕ್ಕೋ ಎಂದರು. ಗೋಡೆಯ ಪಕ್ಕ ನಿಂತಿದ್ದ ಉಡಚಪ್ಪನಿಗೆ ತಡೆಯಲಾಗಲಿಲ್ಲ. ಓಡಿಬಂದು ಕಸಬರಿಗೆ ಹಿಡಿದುಕೊಂಡ.

"ಬಿಡು," ಎಂದಳು ತಾಯಿ.

"ಯವ್ವಾ, ನಾ ಅವತ್ತು ಖರೇನಽ ಹೇಳಿದೆ. ಯಾರೂ ನಂಬಲಿಲ್ಲ. ನೀ ಯಾಕ ಹಂಗ ಮಾಡಿದಿ?"

"ಖರೇ ಹೇಳಿದಿ ಅಂತ ನನಗ ಗೊತ್ತಿಲ್ಲೇನು?" ಕಸಬರಿಗೆಯನ್ನು ಅವನ ಕೈಯಿಂದ ಬಿಡಿಸಿಕೊಂಡಳು.  "ನನ್ನ ಕೈ ಭಾಳ ಸೋಲತಾವು. ನಾಳೆ ರೊಟ್ಟಿ ನೀನಽ ಮಾಡು."

ಉಡಚಪ್ಪನಿಗೆ ಅರ್ಥವಾಗಲು ಎರಡು ಗಳಿಗೆ ಬೇಕಾಯಿತು. ಅರ್ಥವಾದಾಗ ಅಲ್ಲೇ ಅಂಗಳದಲ್ಲಿ ಕುಳಿತುಬಿಟ್ಟ. ಹೆಂಗಸರು ನಗು ನಿಲ್ಲಿಸಿ ನೋಡತೊಡಗಿದರು.

ಮರುದಿನ ಬೆಳಿಗ್ಗೆ ಅವನು ಅಗಸಿ ಕುಟ್ಟಿ, ನೆನೆಸಿ, ಕಡೆದು, ರೊಟ್ಟಿ ಮಾಡಿ ಹಾಲಿನ ಬಟ್ಟಲ ಜೊತೆ ಅವ್ವನ ಮುಂದೆ ಇಟ್ಟ. ಅದರಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೇಳಲು ಬಾಯಿ ತೆರೆದು ನಿಂತಿದ್ದ. ಶೇಖವ್ವ ಕೇಳಲಿಲ್ಲ. ತಟ್ಟೆಯನ್ನು ತಡವಿ ಎಳೆದುಕೊಂಡು ತಿನ್ನತೊಡಗಿದಳು.